ಬೈಗುಳ ಅರ್ಥವಾಗದ ಊರಿನಲ್ಲಿ ಸೇವೆ

ಜೂನ್ ತಿಂಗಳು ಬಂತೆಂದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹದಿಹರೆಯದವರ ಗುಂಪುಗಳು ಕಾಣಸಿಗುತ್ತವೆ. ಬೆನ್ನ ಮೇಲೆ ತಮ್ಮ ಚರ್ಚಿನ ಹೆಸರು, ಅದರ ಕೆಳಗೆ ಹೋಗುತ್ತಿರುವ ದೇಶದ ಹೆಸರು: ಗ್ವಾಟೆಮಾಲಾ, ಹೊಂಡುರಾಸ್, ಮೆಕ್ಸಿಕೊ. ಒಂದು ವಾರ ಅಥವಾ ಹತ್ತು ದಿನದ ಪ್ರವಾಸ. ಅಲ್ಲಿ ಅವರು ಸಿಮೆಂಟ್ ಕಲಸುತ್ತಾರೆ, ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ಊರಿನ ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ಸಂಜೆ ಕೂತು ಪ್ರಾರ್ಥನೆ ಮಾಡುತ್ತಾರೆ. ಕೊನೆಯ ದಿನ ಎಲ್ಲರೂ ಅತ್ತು, ಅಪ್ಪಿಕೊಂಡು, ಫೋಟೊ ತೆಗೆಸಿಕೊಂಡು ಮನೆಗೆ ಮರಳುತ್ತಾರೆ. 2000ದ ದಶಕದ ನಡುಭಾಗದ ಸಮೀಕ್ಷೆಯೊಂದರ ಆಧಾರದ ಮೇಲೆ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಮಾಡಿದ ಅಂದಾಜಿನ ಪ್ರಕಾರ, ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ ಚರ್ಚ್ ಸದಸ್ಯರು ಇಂಥ ವಿದೇಶಿ ಸೇವಾ ಪ್ರವಾಸಕ್ಕೆ ಹೋಗುತ್ತಿದ್ದರು.

ಈ ಪ್ರವಾಸಗಳ ಬಗ್ಗೆ ವಾದ ಶುರುವಾದಾಗಲೆಲ್ಲ ಒಂದು ತಿರುವು ಬರುತ್ತದೆ. ಊರಿನ ಗಾರೆ ಮೇಸ್ತ್ರಿ ಎರಡು ದಿನದಲ್ಲಿ ಮುಗಿಸಬಹುದಾದ ಗೋಡೆಗೆ ಇಪ್ಪತ್ತು ಮಂದಿ ವಿಮಾನ ಹತ್ತಿ ಬರಬೇಕಿತ್ತೇ ಎಂದು ಯಾರಾದರೂ ಕೇಳುತ್ತಾರೆ. ಆಗ ಏರ್ಪಾಡು ಮಾಡಿದವರು ಹೇಳುವ ಉತ್ತರ ಹೆಚ್ಚುಕಡಿಮೆ ಒಂದೇ: ಗೋಡೆ ಹೇಗಾದರೂ ಇರಲಿ, ಮಕ್ಕಳು ಕಲಿಯುತ್ತಾರಲ್ಲ! ಈ ಉತ್ತರ ಬಂದ ಮೇಲೆ ಚರ್ಚೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಆದರೆ ನಿಜವಾದ ಪ್ರಶ್ನೆ ಇರುವುದೇ ಅಲ್ಲಿ. ಏನು ಕಲಿಯುತ್ತಾರೆ? ಯಾರಿಂದ ಕಲಿಯುತ್ತಾರೆ? ತಪ್ಪು ಕಲಿತರೆ ತಿದ್ದುವವರು ಯಾರು?

ಈ ಕೊನೆಯ ಪ್ರಶ್ನೆಯನ್ನು ಅತಿ ಒರಟಾಗಿ ಕೇಳಿದವರು ಇವಾನ್ ಇಲಿಚ್. ವಿಯೆನ್ನಾದಲ್ಲಿ ಹುಟ್ಟಿದ ಈ ಕ್ಯಾಥೊಲಿಕ್ ಪಾದ್ರಿ ಮೆಕ್ಸಿಕೊದ ಕ್ವೆರ್ನಾವಾಕಾದಲ್ಲಿ ಒಂದು ಅಧ್ಯಯನ ಕೇಂದ್ರ ನಡೆಸುತ್ತಿದ್ದರು. ಲ್ಯಾಟಿನ್ ಅಮೆರಿಕಕ್ಕೆ ಬರುವ ಮಿಷನರಿಗಳು ಅಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದರು. ಅಂದರೆ ಸೇವೆಗೆ ಬರುವವರನ್ನು ಇಲಿಚ್ ಹತ್ತಿರದಿಂದ ಕಂಡಿದ್ದರು. 1968ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಗೆ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ವಿದ್ಯಾರ್ಥಿಗಳ ಸಭೆಗೆ ಅವರನ್ನು ಭಾಷಣಕ್ಕೆ ಕರೆದರು. ಆಶೀರ್ವಾದ ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು ಛೀಮಾರಿ. ನಿಮ್ಮ ಒಳ್ಳೆಯ ಉದ್ದೇಶಗಳು ಯಾರಿಗೂ ಬೇಡ, ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಆದರೆ ಉದ್ಧಾರ ಮಾಡುತ್ತೇವೆಂದು ಬರಬೇಡಿ ಎಂಬುದು ಅವರ ಮಾತಿನ ಸಾರ.

ಆ ಭಾಷಣದ ಈ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ಅದರೊಳಗಿನ ಇನ್ನೊಂದು ಮಾತು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಸೇವೆ ಮಾಡಲೇಬೇಕೆಂದಿದ್ದರೆ ನಿಮ್ಮದೇ ನಗರದ ಬಡವರ ಕೇರಿಗೆ ಹೋಗಿ ಎಂದರು ಇಲಿಚ್. ಕಾರಣ ಸರಳ. ಅಲ್ಲಿ ನೀವು ತಪ್ಪು ಮಾಡಿದರೆ ಜನ ಮುಖದ ಮೇಲೆ ಬೈಯುತ್ತಾರೆ, ಮತ್ತು ಆ ಬೈಗುಳ ನಿಮಗೆ ಅರ್ಥವಾಗುತ್ತದೆ. ಮೆಕ್ಸಿಕೊದ ಹಳ್ಳಿಯವರು ಬೈದರೂ ನಿಮಗೆ ತಿಳಿಯುವುದಿಲ್ಲ. ನೀವು ತಂದ ಡಾಲರಿನ ಮುಖ ನೋಡಿ ಅವರು ಬೈಯುವುದೂ ಇಲ್ಲ.

ಸೇವಾ ಪ್ರವಾಸದಿಂದ ಯುವಕರು ಕಲಿಯುತ್ತಾರೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಮಾಡಿದ ಕೆಲಸ ದೊಡ್ಡದೋ ಚಿಕ್ಕದೋ, ಹೋದ ಊರು ದೂರವೋ ಹತ್ತಿರವೋ ಎಂಬುದೆಲ್ಲ ಆಮೇಲಿನದು. ಸೇವೆ ಪಡೆದವರಿಗೆ ‘ಇದು ಬೇಡ’, ‘ಹೀಗಲ್ಲ’, ‘ನಿನಗೆ ಗೊತ್ತಿಲ್ಲ, ಸುಮ್ಮನಿರು’ ಎಂದು ಹೇಳುವ ಧೈರ್ಯವೂ ದಾರಿಯೂ ಇದ್ದರೆ ಪಾಠ ನಡೆಯುತ್ತದೆ. ಇಲ್ಲದಿದ್ದರೆ ಹೋದವರು ಮನೆಯಿಂದ ಹೊತ್ತೊಯ್ದ ನಂಬಿಕೆಯನ್ನೇ ಇನ್ನಷ್ಟು ಗಟ್ಟಿ ಮಾಡಿಕೊಂಡು ಮರಳುತ್ತಾರೆ.

ಹೊಂಡುರಾಸ್‌ನ ಒಂದು ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಆ ದೇಶದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು, ಲಕ್ಷಾಂತರ ಜನರ ಮನೆ ಹೋಯಿತು. ಮುಂದಿನ ದಿನಗಳಲ್ಲಿ ಉತ್ತರ ಅಮೆರಿಕದ ಚರ್ಚುಗಳಿಂದ ಮನೆ ಕಟ್ಟಲು ಗುಂಪು ಗುಂಪಾಗಿ ಸ್ವಯಂಸೇವಕರು ಬಂದರು. ಹೊಂಡುರಾಸ್‌ನಲ್ಲೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, ಸ್ವತಃ ಕ್ರೈಸ್ತ ಕಾಲೇಜೊಂದರ ಅಧ್ಯಾಪಕ, ಕೆಲವು ವರ್ಷಗಳ ನಂತರ ಈ ಮನೆಗಳ ಲೆಕ್ಕ ತೆಗೆದರು. ಸ್ಥಳೀಯ ಸಂಸ್ಥೆ ಸುಮಾರು 2,000 ಡಾಲರಿಗೆ ಒಂದು ಮನೆ ಕಟ್ಟುತ್ತಿತ್ತು. ಹೊರಗಿನಿಂದ ಬಂದ ಒಂದು ಗುಂಪು ವಿಮಾನದ ಟಿಕೆಟ್, ಊಟ, ವಸತಿ ಎಲ್ಲ ಸೇರಿ ಸುಮಾರು 30,000 ಡಾಲರ್ ಖರ್ಚು ಮಾಡಿ ಒಂದು ಮನೆ ಕಟ್ಟುತ್ತಿತ್ತು. ಆ ಮನೆಗಳಲ್ಲಿ ವಾಸಿಸುವವರನ್ನು ವಿಚಾರಿಸಿದಾಗ, ತಮ್ಮ ಮನೆಯನ್ನು ಪರದೇಶದವರು ಕಟ್ಟಿದರೋ ಊರಿನವರು ಕಟ್ಟಿದರೋ ಎಂಬುದರಿಂದ ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹೋಗಲಿ, ಹೋದವರಾದರೂ ಬದಲಾದರೇ? ಅವರು ಬದಲಾದೆವು ಎಂದರು. ಹೆಚ್ಚು ಪ್ರಾರ್ಥಿಸುತ್ತೇವೆ, ಬಡವರಿಗಾಗಿ ಹೆಚ್ಚು ದಾನ ಮಾಡುತ್ತೇವೆ ಎಂದು ಅನೇಕರು ಪ್ರಶ್ನಾವಳಿಯಲ್ಲಿ ಬರೆದರು. ವೆರ್ ಬೀಕ್ ಅಲ್ಲಿಗೇ ನಿಲ್ಲಿಸದೆ, ಅವರನ್ನು ಕಳಿಸಿದ ಸಂಸ್ಥೆಯ ದೇಣಿಗೆ ಪುಸ್ತಕ ತೆಗೆದು ತಾಳೆ ನೋಡಿದರು. ಪುಸ್ತಕ ಆ ಮಾತಿಗೆ ಸಾಕ್ಷಿ ಹೇಳಲಿಲ್ಲ.

ಇದನ್ನು ವಿವರಿಸಲು ಅವರು ಬಳಸಿದ ಹೋಲಿಕೆ ಸಸಿಯದು. ಎಳೆಯ ಗಿಡವನ್ನು ಬಗ್ಗಿಸಿ ಹಿಡಿದರೆ ಬಗ್ಗುತ್ತದೆ, ಕೈಬಿಟ್ಟರೆ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಹೊಸ ದಿಕ್ಕಿನಲ್ಲಿ ಬೆಳೆಯಬೇಕಾದರೆ ಗೂಟ ನೆಟ್ಟು ಬಹಳ ಕಾಲ ಕಟ್ಟಿಡಬೇಕು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆ ಕೇಳಿ ಬೆಳೆದವರಿಗೆ ಇದರಲ್ಲಿ ಒಂದು ತಿದ್ದುಪಡಿ ಸಿಗುತ್ತದೆ. ಗಿಡ ಬಗ್ಗುತ್ತದೆ, ನಿಜ. ಹತ್ತು ದಿನ ಬಗ್ಗಿಸಿ ಬಿಟ್ಟರೆ ಮಾತ್ರ ಏನೂ ಆಗಿರುವುದಿಲ್ಲ.

ಇಷ್ಟಕ್ಕೇ ತೀರ್ಪು ಕೊಟ್ಟುಬಿಡುವುದೂ ನ್ಯಾಯವಲ್ಲ. ಅಮೆರಿಕದ ಹದಿಹರೆಯದವರನ್ನು ವರ್ಷಗಳ ಕಾಲ ಹಿಂಬಾಲಿಸಿದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಅಂಕಿಅಂಶ ಬಳಸಿ 2009ರಲ್ಲಿ ಮತ್ತು 2011ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಬೇರೆಯದೇ ಚಿತ್ರ ಕೊಡುತ್ತವೆ. ಇಂಥ ಪ್ರವಾಸಕ್ಕೆ ಹೋಗಿ ಬಂದವರು ಚರ್ಚಿನ ಚಟುವಟಿಕೆಗಳಲ್ಲಿ ಹೆಚ್ಚು ತೊಡಗುತ್ತಾರೆ, ಅವರ ನಂಬಿಕೆ ಗಟ್ಟಿಯಾಗುತ್ತದೆ ಎಂದು ಮೊದಲನೆಯದು ಹೇಳಿತು. ಸ್ವಯಂಸೇವೆಯಂಥ ನಾಗರಿಕ ಚಟುವಟಿಕೆಗಳಲ್ಲೂ ಅವರು ಹೆಚ್ಚು ಕಾಣಿಸಿಕೊಳ್ಳುತ್ತಾರೆ ಎಂದು ಎರಡನೆಯದು ಹೇಳಿತು. ಆದ್ದರಿಂದ ಏನೂ ಕಲಿಯುವುದಿಲ್ಲ ಎನ್ನುವುದು ತಪ್ಪು. ಹದಿನಾರರ ಹುಡುಗಿಯೊಬ್ಬಳು ಮೊದಲ ಬಾರಿಗೆ ಮನೆ ಬಿಟ್ಟು, ಫೋನ್ ಬದಿಗಿಟ್ಟು, ಓರಗೆಯವರ ಜತೆ ಬೆವರು ಸುರಿಸಿ ದುಡಿದರೆ ಅವಳಲ್ಲಿ ಏನೋ ಒಂದು ಅಲುಗುತ್ತದೆ. ಆದರೆ ಇಲ್ಲಿ ಅಳೆದದ್ದು ತಂಡದೊಳಗಿನ ಕಲಿಕೆಯ ಫಲ: ಸ್ನೇಹ, ಭಕ್ತಿ, ತೊಡಗುವ ಹುಮ್ಮಸ್ಸು. ಹೋದ ಊರಿನ ಬಗ್ಗೆ, ಅಲ್ಲಿಯ ಬಡತನದ ಬಗ್ಗೆ ಅವಳು ಏನು ತಿಳಿದಳು ಎಂಬುದು ಇದರಿಂದ ಗೊತ್ತಾಗುವುದಿಲ್ಲ.

ಅದಕ್ಕೆ ಮರಳಿ ಬಂದವರ ಮಾತನ್ನೇ ಕೇಳಬೇಕು. ಎಲ್ಲ ಪ್ರವಾಸಗಳ ಕೊನೆಗೂ ಕೇಳಿಬರುವ ಒಂದು ಮಾತಿದೆ: ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ! ಹೇಳುವವರ ಕಣ್ಣಲ್ಲಿ ನೀರಿರುತ್ತದೆ, ಅವರ ಪ್ರಾಮಾಣಿಕತೆಯಲ್ಲಿ ಅನುಮಾನವಿಲ್ಲ. ಆದರೆ ಮನೆಗೆ ಬಂದ ನೆಂಟರ ಮುಂದೆ ಸಾಲದ ಲೆಕ್ಕ ಬಿಚ್ಚುವವರು ಯಾರು? ಅಕ್ಕಿ ಮುಗಿದಿದ್ದರೂ ಪಕ್ಕದ ಮನೆಯಿಂದ ಕಡ ತಂದು ಅನ್ನ ಮಾಡಿ, ನಗುನಗುತ್ತ ಬಡಿಸುವ ಅಭ್ಯಾಸ ಕರ್ನಾಟಕದ ಯಾವ ಊರಿಗೂ ಹೊಸದಲ್ಲ. ಹೊಂಡುರಾಸ್‌ನ ತಾಯಿಯೂ ಅದನ್ನೇ ಮಾಡಿರುತ್ತಾಳೆ. ಅತಿಥಿ ಸತ್ಕಾರದ ಆ ನಗುವನ್ನು ಬಡತನದ ನಗು ಎಂದು ಓದಿಕೊಂಡ ಹುಡುಗ, ಬಡವರಿಗೆ ಬಡತನ ಅಷ್ಟೇನೂ ಭಾರವಲ್ಲ ಎಂಬ ಪಾಠ ಕಲಿತು ಮನೆಗೆ ಹೋಗುತ್ತಾನೆ. ಮುಂದೆ ಅವನು ಮತ ಹಾಕುವಾಗ, ಕೂಲಿ ನಿಗದಿ ಮಾಡುವಾಗ, ಕಂಪನಿ ನಡೆಸುವಾಗ ಈ ಪಾಠ ಅವನ ಜತೆಗಿರುತ್ತದೆ.

ಎರಡನೆಯ ಮಾತು: ನಾವೆಷ್ಟು ಅದೃಷ್ಟವಂತರು ಎಂದು ಅರ್ಥವಾಯಿತು. ಕೃತಜ್ಞತೆ ಒಳ್ಳೆಯ ಗುಣವೇ. ಆದರೆ ಇನ್ನೊಬ್ಬರ ಸೋರುವ ಸೂರನ್ನು ನೋಡಿ ತನ್ನ ಮನೆಯ ತಾರಸಿಗೆ ಕೈಮುಗಿದರೆ, ಆ ಇನ್ನೊಬ್ಬರು ಪಾಠದ ಚಿತ್ರಪಟವಾಗಿ ಉಳಿಯುತ್ತಾರೆ. ಅದೃಷ್ಟ ಎಂದುಬಿಟ್ಟರೆ ಕಾರಣ ಹುಡುಕುವ ಕೆಲಸವೂ ತಪ್ಪುತ್ತದೆ.

ತಪ್ಪು ಪಾಠದ ಬೆಲೆಯನ್ನು ಕೆಲವೊಮ್ಮೆ ಮಕ್ಕಳು ತೆರುತ್ತಾರೆ. ಅನಾಥಾಲಯಗಳಲ್ಲಿ ವಾರವಿಡೀ ಮಕ್ಕಳನ್ನು ಎತ್ತಿ ಆಡಿಸುವುದು ಇಂಥ ಪ್ರವಾಸಗಳ ಬಹಳ ಜನಪ್ರಿಯ ಕಾರ್ಯಕ್ರಮ. ಆದರೆ ಕಾಂಬೋಡಿಯಾದಂಥ ದೇಶಗಳಲ್ಲಿ ಅನಾಥಾಲಯದಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ದೇಣಿಗೆ ಮತ್ತು ಪ್ರವಾಸಿಗರು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು, ಅವುಗಳನ್ನು ತುಂಬಿಸಲು ಬಡ ಕುಟುಂಬಗಳಿಂದ ಮಕ್ಕಳನ್ನು ತರಲಾಯಿತು. ವಾರಕ್ಕೊಂದು ಹೊಸ ಗುಂಪು ಬಂದು ಪ್ರೀತಿ ತೋರಿಸಿ ಹೊರಟುಹೋದರೆ, ಮಗು ಪ್ರತಿವಾರವೂ ಒಮ್ಮೆ ಅಗಲಿಕೆ ಅನುಭವಿಸುತ್ತದೆ. ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯೊಂದು 2017ರ ವರದಿಯಲ್ಲಿ ಅನಾಥಾಲಯ ಪ್ರವಾಸವನ್ನು ಆಧುನಿಕ ಗುಲಾಮಗಿರಿಯ ಚರ್ಚೆಯೊಳಗೇ ತಂದಿತು. ಅಲ್ಲಿಗೆ ಹೋದ ಹದಿಹರೆಯದವರಿಗೆ ಇದ್ಯಾವುದೂ ತಿಳಿದಿರುವುದಿಲ್ಲ. ಮೂರು ವರ್ಷದ ಮಗು ‘ನೀನು ಬರಬೇಡ’ ಎಂದು ಹೇಳಲಾರದು.

ಹಾಗಾದರೆ ಹೋಗಲೇಬಾರದೇ? ಇಲಿಚ್ ಹೇಳಿದ ಮಾತನ್ನು ಅರ್ಧವಾದರೂ ಪಾಲಿಸಿದ ಒಂದು ಪ್ರಯೋಗ ಅಮೆರಿಕದೊಳಗೇ ಇದೆ. ಅವರ ಭಾಷಣದ ಮರುವರ್ಷ, 1969ರಲ್ಲಿ, ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಸುಮಾರು 50 ಮಂದಿ ಸ್ವಯಂಸೇವಕರನ್ನು ಕೆಂಟಕಿ ರಾಜ್ಯದ ಬಾರ್ಬರ್‌ವಿಲ್ ಎಂಬಲ್ಲಿಗೆ ಕರೆದೊಯ್ದು ನಾಲ್ಕು ಮನೆಗಳ ರಿಪೇರಿ ಮಾಡಿಸಿದರು. ಅಪಲೇಚಿಯಾ ಸರ್ವಿಸ್ ಪ್ರಾಜೆಕ್ಟ್ ಎಂಬ ಆ ಸಂಸ್ಥೆ ಇಂದಿಗೂ ಪ್ರತಿ ಬೇಸಿಗೆಯಲ್ಲಿ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳನ್ನು ಆ ಗುಡ್ಡಗಾಡಿನ ಮನೆಗಳಿಗೆ ಕಳಿಸುತ್ತದೆ. ಪ್ರತಿ ಗುಂಪು ಇರುವುದು ಒಂದೇ ವಾರ. ಆದರೆ ಕಾಲೇಜು ವಯಸ್ಸಿನ ಕಾರ್ಯಕರ್ತರು ಬೇಸಿಗೆಯುದ್ದಕ್ಕೂ ಅದೇ ಊರಿನಲ್ಲಿ ಉಳಿಯುತ್ತಾರೆ. ಈ ವಾರದ ಗುಂಪು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದಿನ ವಾರದ ಗುಂಪು ಎತ್ತಿಕೊಳ್ಳುತ್ತದೆ.

ಇದರಲ್ಲಿ ಎರಡು ಒಳ್ಳೆಯ ಪಾಠಗಳಿವೆ. ಮನೆಯೊಡತಿಗೂ ಹುಡುಗರಿಗೂ ಭಾಷೆ ಒಂದೇ. ಕಿಟಕಿ ಸೊಟ್ಟ ಕೂತರೆ ಆಕೆ ಹೊರಬಂದು, ಇದೇನಪ್ಪ ಹೀಗೆ ಮಾಡಿದ್ದೀರಿ ಎಂದು ಕೇಳಬಲ್ಲಳು. ಹುಡುಗರು ಬಿಚ್ಚಿ ಮತ್ತೆ ಕೂರಿಸಬೇಕು. ಇನ್ನೊಂದು, ತಾವು ಅಗೆದ ಪಾಯದ ಮೇಲೆ ಏಳುವ ಕೋಣೆಯನ್ನು ಅವರು ನೋಡದೆಯೇ ಮನೆಗೆ ಹೋಗಬೇಕಾಗಬಹುದು. ಮುಗಿದ ಕೆಲಸದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಭಾಗ್ಯ ಬೇರೆ ಯಾರದೋ. ಹದಿನೇಳನೇ ವಯಸ್ಸಿನಲ್ಲಿ ಇದನ್ನು ಕಲಿಯುವುದು ಸಣ್ಣ ವಿಷಯವಲ್ಲ.

ಆದರೆ ಅಲ್ಲಿಯೂ ಒಂದು ಪ್ರಶ್ನೆಯನ್ನು ಕೇಳದೆ ಬರಲು ಸಾಧ್ಯ. ಕಲ್ಲಿದ್ದಲ ರಾಶಿಯ ಮೇಲೆ ಕೂತ ಊರಿನ ಮನೆಗಳು ಏಕೆ ಸೋರುತ್ತಿವೆ? ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಂಪನಿಗಳ ಏಜೆಂಟರು ಪೂರ್ವ ಕೆಂಟಕಿಯ ರೈತರಿಂದ ನೆಲದ ಕೆಳಗಿನ ಖನಿಜದ ಹಕ್ಕನ್ನು ಪುಡಿಗಾಸಿಗೆ ಬರೆಸಿಕೊಂಡರು. ಆ ಕಾಗದಗಳ ಬಲದಿಂದ ದಶಕಗಳ ನಂತರ ಮೇಲಿನ ನೆಲವನ್ನೂ ಒಡೆಯರ ಒಪ್ಪಿಗೆಯಿಲ್ಲದೆ ಅಗೆದು ಹಾಕಲಾಯಿತು. 1988ರಲ್ಲಿ ಅಲ್ಲಿನ ಮತದಾರರು ರಾಜ್ಯ ಸಂವಿಧಾನವನ್ನೇ ತಿದ್ದಿ ಇದಕ್ಕೆ ತಡೆ ಹಾಕಿದರು. ಸಂಡೂರು, ಬಳ್ಳಾರಿಯ ಅದಿರಿನ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂರಿಗೆ ತಗಡು ಹೊಡೆದ ಹುಡುಗ ಈ ಕಥೆಯನ್ನೂ ಕೇಳಿ ಬಂದರೆ ಅವನ ಪ್ರವಾಸ ಪೂರ್ತಿಯಾಗುತ್ತದೆ. ತಗಡಷ್ಟೇ ಹೊಡೆದು ಬಂದರೆ, ಬಡತನ ಎಂದರೆ ತಗಡಿನ ಕೊರತೆ ಎಂದುಕೊಳ್ಳುತ್ತಾನೆ.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಬಗೆಯ ಮಿಷನ್ ನೆನಪಾಗದಿರದು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಈ ನಾಡಿಗೆ ಬಂದದ್ದು 1853ರಲ್ಲಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಮತಾಂತರದ ಉದ್ದೇಶ, ವಸಾಹತು ಕಾಲದ ಮೇಲರಿಮೆ, ಇವನ್ನೆಲ್ಲ ಆ ಮಿಷನ್ನಿನ ಲೆಕ್ಕಕ್ಕೆ ಹಿಡಿಯಲೇಬೇಕು. ಆದರೂ ಒಂದು ಭಾಷೆಯ ನಿಘಂಟು ಮಾಡುವವನು ಆ ಭಾಷೆಯವರಿಂದ ದಿನಾ ತಿದ್ದಿಸಿಕೊಳ್ಳಲೇಬೇಕು. ಈ ಪದಕ್ಕೆ ಆ ಅರ್ಥವಿಲ್ಲ, ಈ ಊರಿನಲ್ಲಿ ಹಾಗೆ ಹೇಳುವುದಿಲ್ಲ ಎಂದು ಸಾವಿರ ಸಲ ಕೇಳಿಸಿಕೊಳ್ಳಬೇಕು. ಕಲಿಸಲು ಬಂದವರು ಅಲ್ಲಿ ವಿದ್ಯಾರ್ಥಿಗಳಾದರು. ಹತ್ತು ದಿನದ ಪ್ರವಾಸಕ್ಕೆ ಇಲ್ಲವಾದದ್ದು ಇದೇ ಅವಕಾಶ. ಉದ್ಯೋಗ ಅರಸಿ ಪುಣೆಗೋ ಚೆನ್ನೈಗೋ ಹೋಗಿ, ತರಕಾರಿ ಅಂಗಡಿಯಲ್ಲಿ ನಗೆಪಾಟಲಾಗುತ್ತಲೇ ಮರಾಠಿಯನ್ನೋ ತಮಿಳನ್ನೋ ಕಲಿತ ಯಾವ ಕನ್ನಡಿಗರಿಗೂ ಇದರ ರುಚಿ ಗೊತ್ತು. ಊರು ಅರ್ಥವಾಗಲು ಶುರುವಾಗುವುದು ಅಂಥ ನಗೆಪಾಟಲಿನಿಂದಲೇ.

ಭಾರತದಲ್ಲಿ ಚರ್ಚಿನ ಪ್ರವಾಸಗಳಿಗಿಂತ ಹೆಚ್ಚು ಯುವಕರನ್ನು ಹಳ್ಳಿಗೆ ಕರೆದೊಯ್ದದ್ದು ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್ಎಸ್ಎಸ್. ಕಾಕತಾಳೀಯವಾಗಿ ಅದೂ 1969ರಲ್ಲೇ, ಗಾಂಧಿ ಜನ್ಮ ಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆಗಳ ಕೆಲಸ, ದತ್ತು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಭಾಷೆ ಬಹುತೇಕ ಒಂದೇ, ಹಳ್ಳಿ ಹತ್ತಿರದ್ದು, ಮತ್ತೆ ಮತ್ತೆ ಹೋಗುವ ಅವಕಾಶವೂ ಇದೆ. ಎಷ್ಟೋ ವಿದ್ಯಾರ್ಥಿಗಳು ಮೊದಲ ಸಲ ಸಹಪಂಕ್ತಿಯಲ್ಲಿ ಉಂಡದ್ದು, ಬೇರೆ ಜಾತಿಯ ಗೆಳೆಯನ ಪಕ್ಕ ಶಾಲೆಯ ನೆಲದ ಮೇಲೆ ಜಮಖಾನ ಹಾಸಿ ಮಲಗಿದ್ದು ಅಲ್ಲಿಯೇ.

ಆದರೆ ಅಲ್ಲಿಯೂ ಅದೇ ಅಳತೆಗೋಲು ಹಿಡಿಯಬೇಕು. ಬೆಳಿಗ್ಗೆ ಶ್ರಮದಾನದಲ್ಲಿ ವಿದ್ಯಾರ್ಥಿಗಳು ಚರಂಡಿ ಎತ್ತುತ್ತಾರೆ, ಮಧ್ಯಾಹ್ನ ಗಣ್ಯರ ಭಾಷಣ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಏಳನೇ ದಿನ ಸಮಾರೋಪ, ಶಾಲು, ಹಾರ. ಎಂಟನೇ ದಿನ ಚರಂಡಿ ಎತ್ತುವವರು ಯಾರು? ಅವರ ಜಾತಿ ಯಾವುದು, ಅವರಿಗೆ ಎಷ್ಟು ಸಂಬಳ, ಅದು ತಿಂಗಳು ತಿಂಗಳು ಸಿಗುತ್ತದೆಯೇ? ಒಂದು ಮುಂಜಾನೆ ಪೊರಕೆ ಹಿಡಿದ ವಿದ್ಯಾರ್ಥಿಗೆ ಚಪ್ಪಾಳೆ ಸಿಗುತ್ತದೆ, ಜೀವಮಾನವಿಡೀ ಹಿಡಿದವರಿಗೆ ಚಹಾದ ಲೋಟ ಬೇರೆ ಇರುತ್ತದೆ. ಆ ಊರಿನ ಸ್ವಚ್ಛತಾ ಕಾರ್ಮಿಕರನ್ನೇ ಶಿಬಿರದ ವೇದಿಕೆಗೆ ಕರೆದು, ಮೈಕು ಕೊಟ್ಟು, ಒಂದು ಗಂಟೆ ಮಾತಾಡಲು ಬಿಟ್ಟರೆ ಏಳು ದಿನದ ಶ್ರಮದಾನಕ್ಕಿಂತ ಹೆಚ್ಚಿನ ಪಾಠ ಆಗುತ್ತದೆ.

ಚರ್ಚಿನದಾಗಲಿ, ಕಾಲೇಜಿನದಾಗಲಿ, ಈಗ ಮುಂಬೈ, ಹೈದರಾಬಾದಿನ ಶಾಲೆಗಳು ಏರ್ಪಡಿಸುವ ಗ್ರಾಮವಾಸ್ತವ್ಯವಾಗಲಿ, ಮಕ್ಕಳನ್ನು ಕಳಿಸುವ ಮುನ್ನ ತಂದೆತಾಯಿ ಕೇಳಬೇಕಾದ ಕೆಲವು ಪ್ರಶ್ನೆಗಳು ಇದರಿಂದ ಹೊರಡುತ್ತವೆ. ಕೆಲಸ ಯಾವುದೆಂದು ತೀರ್ಮಾನಿಸಿದವರು ಊರಿನವರೋ, ಏರ್ಪಾಡು ಮಾಡಿದವರೋ? ಊರಿನವರು ‘ಈ ವರ್ಷ ಬರಬೇಡಿ’ ಎಂದರೆ ದೇಣಿಗೆ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅವರ ಸ್ವಾಗತವನ್ನು ನಂಬುವಂತಿಲ್ಲ. ಕೆಲಸ ಹೇಳಿಕೊಡುವ ಊರಿನ ಮೇಸ್ತ್ರಿಗೆ, ಅಡುಗೆ ಮಾಡುವ ತಾಯಿಗೆ ಗುರುವಿಗೆ ಸಲ್ಲುವ ಗೌರವ ಮತ್ತು ಸಂಭಾವನೆ ಸಿಗುತ್ತದೆಯೇ? ಹೋಗುವ ಮುನ್ನ ಮಕ್ಕಳು ಆ ಊರಿನ ಭಾಷೆಯಲ್ಲಿ ‘ತಪ್ಪಾಯಿತು, ಹೇಳಿಕೊಡಿ’ ಎನ್ನುವಷ್ಟಾದರೂ ಕಲಿತಿದ್ದಾರೆಯೇ? ಮರಳಿದ ಮೇಲೆ, ತಮ್ಮದೇ ಬಡಾವಣೆಯಲ್ಲಿ ಇದರ ಮುಂದುವರಿಕೆ ಏನು?

ಹಣ ಕಳಿಸಿದ್ದರೆ ಸಾಕಿತ್ತು ಎನ್ನುವವರಿಗೂ ಒಂದು ಉತ್ತರ ಬೇಕು. ಮಗಳ ಪ್ರವಾಸಕ್ಕೆಂದು ನೆರೆಹೊರೆಯವರು ಕೊಟ್ಟ ಹಣ, ಪ್ರವಾಸವಿಲ್ಲದಿದ್ದರೆ ಹೊಂಡುರಾಸ್‌ಗೆ ಹೋಗುತ್ತಿರಲಿಲ್ಲ. ಇದು ನಿಜ. ಹಾಗಿದ್ದರೆ ಪ್ರವಾಸಕ್ಕೆ ಸರಿಯಾದ ಹೆಸರಿಡಬಹುದು. ಮಕ್ಕಳು ಕಲಿಯಲು ಹೋಗುತ್ತಿದ್ದಾರೆ, ಕಲಿಸುವವರು ಆ ಊರಿನವರು, ಈ ಹಣ ಅವರ ಶುಲ್ಕ. ಹೀಗೆ ಹೇಳಿ ಕಳಿಸಿದರೆ ಹುಡುಗಿ ಬೇರೆಯೇ ಕಣ್ಣಿನಿಂದ ನೋಡುತ್ತಾಳೆ, ಬೇರೆಯೇ ಪ್ರಶ್ನೆ ಕೇಳುತ್ತಾಳೆ. ಊರಿನವರಿಗೂ ನಗಲೇಬೇಕಾದ ಒತ್ತಡ ಇರುವುದಿಲ್ಲ.

ಅಂಥ ಪ್ರವಾಸದಿಂದ ಬಂದವಳನ್ನು ಏನು ಮಾಡಿ ಬಂದೆ ಎಂದು ಕೇಳಿದರೆ ಹೇಳಲು ಹೆಚ್ಚೇನೂ ಇರಲಿಕ್ಕಿಲ್ಲ. ಇಟ್ಟಿಗೆ ಸರಿಯಾಗಿ ಇಡಲು ಬರಲಿಲ್ಲ, ಅಲ್ಲಿಯ ಅಜ್ಜಿಯೊಬ್ಬರು ಕೈಯಿಂದ ಕರಣೆ ಕಿತ್ತುಕೊಂಡು ತಾವೇ ಇಟ್ಟು ತೋರಿಸಿದರು ಎಂದಾಳು. ಅವಳನ್ನು ಮುಂದಿನ ವರ್ಷವೂ ಅಲ್ಲಿಗೇ ಕಳಿಸಬಹುದು, ಅಜ್ಜಿ ಒಪ್ಪಿದರೆ.